ಆರೂವರೆಯ ಉಸಿರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಡಿಪೋದಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ತಡವಾಗಿ ಬರುವವರನ್ನು ಕಂಡಾಗ ಮಾತ್ರ ಅದು ಅಲ್ಲಿಗೆ ಬಂದು ಕೂರುತ್ತದೆ, ಉಳಿದ ಹೊತ್ತಿನಲ್ಲಿ ನಾನು ಹಸುವಿನಂಥ ಮನುಷ್ಯ. ಎಂಬತ್ತು ಬಸ್ಸುಗಳ ಡಿಪೋಗೆ ನಾನು ಫೋರ್‌ಮನ್. ಹದಿನಾಲ್ಕು ಜನರ ನಮ್ಮ ಡಿಪೋ ಬ್ಯಾಂಡಿಗೂ ನಾನೇ ಮಾಸ್ತರ. ಎರಡೂ ಕೆಲಸವನ್ನು ಹತ್ತೊಂಬತ್ತು ವರ್ಷಗಳಿಂದ ಒಂದು ನಿಮಿಷ ಆಚೀಚೆ ಆಗದಂತೆ ನಡೆಸಿಕೊಂಡು ಬಂದಿದ್ದೇನೆ. ಈ ಕಥೆಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದರೆ ಹೋಗಲಿ. ಇಷ್ಟು ಖುಷಿಯಿಂದ ಮರ್ಯಾದೆ ಕಳೆದುಕೊಂಡವನು ಇನ್ನೊಬ್ಬ ಇರಲಾರ.

ಬ್ಯಾಂಡಿನ ಕೋಣೆ ಇರುವುದು ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಉದ್ದನೆಯ ಕೋಣೆ, ಅಂಗಳದ ಕಡೆಗೆ ಎಂಟು ಕಿಟಕಿ, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಕುರ್ಚಿಗಳು, ಮೂಲೆಯಲ್ಲಿ ಹಳೆಯ ಬಸ್ಸಿನ ಸೀಟು ಬಿಚ್ಚಿ ನಾವೇ ಮಾಡಿಕೊಂಡ ಸೋಫಾ. ವಾರಕ್ಕೆ ಐದು ದಿನ, ಬೆಳಿಗ್ಗೆ ಸರಿಯಾಗಿ ಆರೂವರೆಗೆ, ಎಂಟೂ ಕಿಟಕಿ ತೆರೆಸುತ್ತಿದ್ದೆ. ಎಲ್ಲರೂ ಕಿಟಕಿಗೆ ಮುಖ ಮಾಡಿ ಎದೆ ಸೆಟೆಸಿ ನಿಲ್ಲಬೇಕು. ಬಾಯಿ ಅಗಲಿಸಿ ಎಂಟು ಎಣಿಸುವ ತನಕ ಉಸಿರು ಒಳಗೆ, ಎಂಟು ಎಣಿಸುವ ತನಕ ಹೊರಗೆ. ಹೀಗೆ ಇಪ್ಪತ್ತು ನಿಮಿಷ. ಡ್ರಮ್ಮು ಬಾರಿಸುವವರಿಗೂ ವಿನಾಯಿತಿ ಇಲ್ಲ. ಬೆಳಗಿನ ತಂಪು ಗಾಳಿ ಎದೆಗೆ ಹೋದಷ್ಟೂ ಒಳ್ಳೆಯದು ಎಂದು ನಾನು ಭಾಷಣ ಮಾಡದ ದಿನವಿಲ್ಲ.

ಅದೇ ಆರೂವರೆಗೆ ಕೆಳಗೆ ಅಂಗಳದಲ್ಲಿ ಎಂಬತ್ತು ಬಸ್ಸುಗಳ ಇಂಜಿನ್ ಶುರುವಾಗುತ್ತಿತ್ತು. ಅದೂ ನನ್ನದೇ ಅಪ್ಪಣೆ. ಬಸ್ಸಿನ ಬ್ರೇಕು ಹಿಡಿಯಬೇಕಾದರೆ ಅದರ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ತುಂಬಬೇಕು, ಅದು ತುಂಬಲು ಇಂಜಿನ್ ಓಡಬೇಕು. ‘ಪ್ರತಿ ಬಸ್ಸೂ ಹೊರಡುವ ಮುನ್ನ ಇಪ್ಪತ್ತು ನಿಮಿಷ ಓಡಬೇಕು’ ಎಂದು ಗೇಟಿನ ಪಕ್ಕದ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದೆ. ನಾನು ನಡುವಿನ ಕಿಟಕಿಯಲ್ಲಿ ಅರ್ಧ ಮೈ ಹೊರಗೆ ಚಾಚಿ ನಿಲ್ಲುತ್ತಿದ್ದೆ. ಒಂದು ಕಿವಿ ಬ್ಯಾಂಡಿನ ಕಡೆ, ಇನ್ನೊಂದು ಕಿವಿ ಬಸ್ಸುಗಳ ಕಡೆ. ಮೂರನೇ ಸಾಲಿನ ಐದನೆಯದು ಕೆಮ್ಮುತ್ತಿದೆ ನೋಡ್ರೋ ಎಂದು ಮೇಲಿನಿಂದಲೇ ಕೂಗುತ್ತಿದ್ದೆ. ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮುಗಿಸುವ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಓದುತ್ತಿರುವ ಬುದ್ಧಿವಂತರಿಗೆ ವಿಷಯ ಇಷ್ಟರಲ್ಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲು ಹತ್ತೊಂಬತ್ತು ವರ್ಷ ಹಿಡಿಯಿತು.

ನಮ್ಮ ಬ್ಯಾಂಡಿನ ಜೀವ ಪೀಪಿ. ನನ್ನ ತಂಗಿಯ ಒಬ್ಬಳೇ ಮಗಳು. ಮೂರು ವರ್ಷದವಳಿದ್ದಾಗ ನಾನು ತಂದುಕೊಟ್ಟ ಆಟದ ಪೀಪಿಯನ್ನು ಎರಡು ದಿನ ಬಾಯಿಂದ ತೆಗೆಯದೆ ಇಡೀ ಮನೆಗೆ ತಲೆ ಚಿಟ್ಟು ಹಿಡಿಸಿದ್ದಳು, ಅಂದಿನಿಂದ ಅದೇ ಹೆಸರು. ಈಗ ಇಪ್ಪತ್ತನಾಲ್ಕು ವರ್ಷ, ನಮ್ಮ ಡಿಪೋದಲ್ಲೇ ಎಲೆಕ್ಟ್ರಿಷಿಯನ್. ಎಂಟು ವರ್ಷದ ಹಿಂದೆ ನಾನು ಊದುವುದನ್ನು ಬಿಟ್ಟೆ. ಹಲ್ಲು ಅಲ್ಲಾಡುತ್ತಿದೆ, ಇನ್ನು ಸಾಧ್ಯವಿಲ್ಲ ಎಂದು ಎಲ್ಲರಿಗೂ ಹೇಳಿ ನನ್ನ ಟ್ರಂಪೆಟ್ಟನ್ನು ಅವಳ ಕೈಗಿಟ್ಟೆ. ಆ ವಾದ್ಯ ನನ್ನ ಹತ್ತಿರ ಇದ್ದಾಗ ಎಂದೂ ಹಾಗೆ ಹಾಡಿರಲಿಲ್ಲ. ಈ ಸಲದ ವಾರ್ಷಿಕೋತ್ಸವಕ್ಕೆಂದು ನಾನು ಕಟ್ಟಿದ ಹೊಸ ಟ್ಯೂನಿನ ಕೊನೆಯಲ್ಲಿ ಒಂದು ಉದ್ದನೆಯ ಸ್ವರ ಇಟ್ಟಿದ್ದೆ. ಹದಿನಾರು ಎಣಿಕೆ, ನಡುವೆ ಉಸಿರು ತೆಗೆಯುವಂತಿಲ್ಲ. ಅವಳಿಗಾಗಿಯೇ ಇಟ್ಟದ್ದು ಅದು.

ಚಳಿ ಶುರುವಾದ ಮೇಲೆ ಅವಳಿಗೆ ಕೆಮ್ಮು ಹತ್ತಿತು. ಮೊದಲು ಹದಿನಾರರ ಸ್ವರ ಹನ್ನೆರಡಕ್ಕೆ ಮುರಿಯಿತು, ಆಮೇಲೆ ಒಂಬತ್ತಕ್ಕೆ. ನಾನು ಬೈದೆ. ಉಸಿರಾಟ ಸರಿಯಾಗಿ ಮಾಡುತ್ತಿಲ್ಲ, ಕಿಟಕಿಯ ಹತ್ತಿರಕ್ಕೆ ಬಾ ಎಂದು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಎದೆಯಲ್ಲಿ ಸುಂಯ್ ಸುಂಯ್ ಎನ್ನುವ ಸದ್ದು, ತುಟಿ ಬಿಳಚಿಕೊಂಡಿತ್ತು. ಹೊತ್ತುಕೊಂಡು ಓಡಿದ ಹಾಗೆ ಡಿಪೋ ಕ್ಲಿನಿಕ್ಕಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟ್ರಮ್ಮ ನಮ್ಮಲ್ಲಿಗೆ ಬಂದು ಆರು ತಿಂಗಳಾಗಿತ್ತು, ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಇದು ಉಬ್ಬಸ ಎಂದರು, ಸೇದಿಕೊಳ್ಳುವ ಔಷಧಿ ಕೊಟ್ಟರು. ಸುದ್ದಿ ತಂಗಿಗೆ ಮುಟ್ಟಿತು. ಅವಳ ಗಂಡ ಉಸಿರಿನ ಕಾಯಿಲೆಯಲ್ಲೇ ಹೋದವನು, ಅವಳಿಗೆ ಆ ಸುಂಯ್ ಸದ್ದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಬಂದವಳೇ ನನ್ನ ಮುಖ ನೋಡದೆ ಡಾಕ್ಟ್ರಮ್ಮನ ಮುಂದೆ ನಿಂತಳು.

“ಆ ಟ್ರಂಪೆಟ್ಟೇ ಇವಳ ಎದೆ ತಿಂತಿರೋದು. ಇವತ್ತಿಗೆ ಸಾಕು. ಅದನ್ನ ನಾನು ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ.”

ಪೀಪಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವಳಪ್ಪ ಸತ್ತಾಗ ಒಮ್ಮೆ, ಅಂದು ಇನ್ನೊಮ್ಮೆ. ಡಾಕ್ಟ್ರಮ್ಮ ಇಬ್ಬರನ್ನೂ ನೋಡಿ, ಮೇಜಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದರು. ಒಂದು ತುದಿಯಲ್ಲಿ ಬಾಯಿ, ಬದಿಯಲ್ಲಿ ಅಂಕಿಗಳು, ಊದಿದರೆ ಮುಂದಕ್ಕೆ ಜಾರುವ ಒಂದು ಕೆಂಪು ಮುಳ್ಳು. ಎಷ್ಟು ರಭಸದಿಂದ ಉಸಿರು ಹೊರಗೆ ಬರುತ್ತದೆ ಎಂದು ಅದು ತೋರಿಸುತ್ತದಂತೆ. ತಪ್ಪು ಟ್ರಂಪೆಟ್ಟಿನದೋ ಬೇರೆ ಯಾವುದರದೋ ಎಂದು ಊಹೆ ಮಾಡುವುದು ಬೇಡ, ನಾಲ್ಕು ವಾರ ಅಳೆಯೋಣ ಎಂದರು. ಅಭ್ಯಾಸಕ್ಕೆ ಮುಂಚೆ ಒಮ್ಮೆ, ಅಭ್ಯಾಸ ಮುಗಿದ ಮೇಲೆ ಒಮ್ಮೆ ಊದಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅವಳ ಎತ್ತರಕ್ಕೂ ವಯಸ್ಸಿಗೂ ನಾನೂರ ಮೂವತ್ತರ ಆಸುಪಾಸು ಬರಬೇಕು. ಮುಳ್ಳು ಮುನ್ನೂರಕ್ಕೆ ಇಳಿದರೆ ಅಂದೇ ಎಲ್ಲ ನಿಲ್ಲಿಸಿ ತನ್ನ ಬಳಿ ಬರಬೇಕು. ತಂಗಿ ಒಪ್ಪಿದಳು, ಆದರೆ ಅವಳ ಷರತ್ತನ್ನೂ ಹಾಕಿದಳು. ನಾಲ್ಕನೇ ವಾರದ ಕೊನೆಯ ದಿನ ತಾನೇ ಖುದ್ದಾಗಿ ಬರುತ್ತಾಳೆ, ಅಂಕಿ ನಾನೂರು ಮುಟ್ಟದಿದ್ದರೆ ಟ್ರಂಪೆಟ್ಟು ಅವಳ ಬೀರುವಿಗೆ.

ಮೊದಲ ದಿನ ಅಭ್ಯಾಸಕ್ಕೆ ಮುಂಚೆ ಮುನ್ನೂರ ಎಂಬತ್ತು. ಮುಗಿದ ಮೇಲೆ ಮುನ್ನೂರ ಇಪ್ಪತ್ತು. ಎರಡನೇ ದಿನವೂ ಹಾಗೇ, ಮೂರನೇ ದಿನವೂ ಹಾಗೇ. ಊದುವ ಮುಂಚೆ ಚೆನ್ನಾಗಿರುತ್ತಿತ್ತು, ಊದಿದ ಮೇಲೆ ಬೀಳುತ್ತಿತ್ತು. ಇನ್ನೇನು ಸಾಕ್ಷಿ ಬೇಕು. ತಂಗಿ ಹೇಳಿದ್ದೇ ನಿಜವಾಗುತ್ತಿತ್ತು, ಪೀಪಿ ಆ ಪುಸ್ತಕವನ್ನು ಕೈಗೆತ್ತಿಕೊಳ್ಳಲೂ ಹೆದರತೊಡಗಿದಳು.

ನನಗೆ ರೇಗಿತು. ನಲವತ್ತು ವರ್ಷ ವಾದ್ಯದ ಜೊತೆ ಬದುಕಿದವನು ನಾನು, ಒಂದು ಪ್ಲಾಸ್ಟಿಕ್ ಕೊಳವೆ ಅದರ ಮೇಲೆ ಚಾಡಿ ಹೇಳುವುದೇ? ವಾದ್ಯ ಊದಿದರೆ ಎದೆ ಗಟ್ಟಿಯಾಗುತ್ತದೆ ಎಂದು ತೋರಿಸಿಯೇ ಬಿಡುತ್ತೇನೆ ಎಂದು ಹದಿನಾಲ್ಕೂ ಜನರ ಕೈಗೆ ಕೊಳವೆ ಕೊಟ್ಟೆ. ಡಾಕ್ಟ್ರಮ್ಮ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಾಯಿತುದಿ ಕೊಟ್ಟರು. ಕೋಣೆ ಒಂದೇ ದಿನದಲ್ಲಿ ಪಂದ್ಯದ ಕಣವಾಯಿತು. ಉಗ್ರಾಣ ನೋಡಿಕೊಳ್ಳುವವನೇ ಟ್ಯೂಬಾ ಎಂಬ ದೊಡ್ಡ ಕಹಳೆ ಊದುವವನು, ಅವನ ಗಾತ್ರಕ್ಕೆ ಎಲ್ಲರೂ ಕರೆಯುವುದು ಗುಡಾಣ ಎಂದು. ಅವನು ಮೊದಲ ಸಲಕ್ಕೇ ಆರುನೂರ ಹತ್ತು ಹೊಡೆದು ಎದೆ ತಟ್ಟಿಕೊಂಡ. ಕ್ಲಾರಿನೆಟ್ಟಿನ ಟಿಕೆಟ್ ಗುಮಾಸ್ತೆ ಅವನನ್ನು ಸೋಲಿಸುವ ಹಠಕ್ಕೆ ಬಿದ್ದು ಕೆಂಪಗಾದಳು. ನೀವೂ ಊದಿ ಮಾಸ್ತರೇ ಎಂದು ಎಲ್ಲರೂ ದುಂಬಾಲು ಬಿದ್ದರು. ಮಾಸ್ತರನ ಕೆಲಸ ಕೋಲು ಹಿಡಿಯುವುದು ಎಂದು ಗದರಿಸಿ ಸುಮ್ಮನಾಗಿಸಿದೆ.

ಒಂದೂವರೆ ಗಂಟೆಯ ಅಭ್ಯಾಸ ಮುಗಿದ ಮೇಲೆ ಮತ್ತೆ ಊದಿಸಿದೆ. ಗುಡಾಣನ ಮುಳ್ಳು ಐನೂರ ನಲವತ್ತಕ್ಕೇ ನಿಂತಿತು. ಅವನು ಕೊಳವೆಯನ್ನು ಕೊಡವಿ, ಮೂಗು ಒರೆಸಿಕೊಂಡು, ಇನ್ನೊಮ್ಮೆ ಊದಿದ. ಐನೂರ ಮೂವತ್ತು. ಗುಮಾಸ್ತೆಯದೂ ಇಳಿದಿತ್ತು. ಊದುವವರೆಲ್ಲರದೂ ಇಳಿದಿತ್ತು, ಒಬ್ಬರದು ಸ್ವಲ್ಪ, ಒಬ್ಬರದು ಹೆಚ್ಚು. ಇಂಗು ತಿಂದ ಮಂಗನ ಹಾಗಾಯಿತು ನನ್ನ ಮುಖ. ಒಂದು ವಾದ್ಯವನ್ನು ಬಿಡಿಸಿಕೊಳ್ಳಲು ಹೋಗಿ ಹನ್ನೊಂದು ವಾದ್ಯಗಳನ್ನು ಸಿಕ್ಕಿಸಿ ಹಾಕಿದ್ದೆ. ವಾರವಿಡೀ ಅದೇ ಹಾಡು. ಬರೆದದ್ದನ್ನು ತಂಗಿಗೆ ತೋರಿಸದೆ ಅಡಗಿಸಿಟ್ಟುಕೊಳ್ಳಬೇಕು ಎಂಬ ಕೆಟ್ಟ ಬುದ್ಧಿಯೂ ಬಂತು.

ಎರಡನೇ ವಾರದ ಮಂಗಳವಾರ, ಮಧ್ಯಾಹ್ನದ ಬಿಡುವಿನಲ್ಲಿ, ನಾನೂ ಪೀಪಿಯೂ ಬಸ್ಸಿನ ಸೀಟಿನ ಸೋಫಾದ ಮೇಲೆ ಪುಸ್ತಕ ಹರಡಿಕೊಂಡು ಕುಳಿತಿದ್ದೆವು. ಅವಳು ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಿದ್ದಳು. ಡ್ರಮ್ಮಿನ ಮೂವರ ಸಾಲಿಗೆ ಬಂದಾಗ ಬೆರಳು ನಿಂತಿತು.

“ಮಾವ, ಇಲ್ಲಿ ನೋಡು. ಚಿಕ್ಕ ಡ್ರಮ್ಮಿನವರಿಬ್ಬರದ್ದೂ ಇಳಿದಿದೆ. ಅವರು ಏನನ್ನೂ ಊದೋದೇ ಇಲ್ವಲ್ಲ.”

ನನ್ನ ಕಿವಿ ನೆಟ್ಟಗಾಯಿತು. ಹೌದಲ್ಲ! ಬಾರಿಸುವವನ ಉಸಿರು ಯಾಕೆ ಬೀಳಬೇಕು? ಹಾಗಾದರೆ ತಪ್ಪು ವಾದ್ಯದ್ದಲ್ಲ. ನಾನು ಪುಸ್ತಕ ಕಿತ್ತುಕೊಂಡೆ. ಮೂರನೆಯವನ ಸಾಲು ನೋಡಿದೆ. ದೊಡ್ಡ ಡ್ರಮ್ಮಿನವನು, ಟೈರು ವಿಭಾಗದವನು. ಮುಂಚೆ ಐನೂರ ಅರವತ್ತು, ಆಮೇಲೆ ಐನೂರ ಅರವತ್ತು. ಮರುದಿನ ಐನೂರ ಐವತ್ತು, ಐನೂರ ಅರವತ್ತು. ವಾರವಿಡೀ ಹದಿನಾಲ್ಕು ಜನರಲ್ಲಿ ಇಳಿಯದೇ ಉಳಿದ ಏಕೈಕ ಪುಣ್ಯಾತ್ಮ ಅವನು.

ಅವನ ಅಡ್ಡಹೆಸರು ಕಡೇ ಬಸ್ಸು. ನನ್ನ ಮೂಗಿನ ತುದಿಯ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಅವನಿಗೇ ಮೀಸಲು. ಅವನ ಹೆಂಡತಿಗೆ ಬೆಳಗಿನ ಪಾಳಿ, ಇಬ್ಬರು ಮಕ್ಕಳನ್ನು ಎಬ್ಬಿಸಿ, ತಲೆ ಬಾಚಿ, ಪಕ್ಕದ ಮನೆಗೆ ಬಿಟ್ಟು ಬರುವಷ್ಟರಲ್ಲಿ ಏಳು ಗಂಟೆಯಾಗುತ್ತದೆ. ಆರೂವರೆಯ ಉಸಿರಾಟಕ್ಕೆ ಅವನು ಒಂದು ದಿನವೂ ಬಂದವನಲ್ಲ. ಬರುವ ಹೊತ್ತಿಗೆ ಬಸ್ಸುಗಳೆಲ್ಲ ಹೊರಟುಹೋಗಿ ಅಂಗಳ ಖಾಲಿಯಾಗಿರುತ್ತಿತ್ತು. ಶಿಸ್ತಿಲ್ಲದವನು, ಉದ್ಧಾರವಾಗದವನು ಎಂದು ನಾನು ಅವನನ್ನು ಬೈಯದ ದಿನವಿಲ್ಲ. ಅವನ ಎದೆಯೊಂದೇ ಸರಿಯಾಗಿತ್ತು.

ತಲೆಯ ಮೇಲೆ ತಣ್ಣೀರು ಸುರಿದ ಹಾಗಾಯಿತು ನನಗೆ. ಪೀಪಿ ಎದ್ದು ಹೋಗಿ ನಡುವಿನ ಕಿಟಕಿಯ ಚೌಕಟ್ಟಿನ ಮೇಲೆ ಬೆರಳು ಎಳೆದು ತಂದು ತೋರಿಸಿದಳು. ಬೆರಳು ಕಪ್ಪಗಿತ್ತು. ಎರಡು ದಿನದ ಹಿಂದೆ ತಾನೇ ಅದನ್ನು ಒರೆಸಿದ್ದರು.

ಇಬ್ಬರೂ ಕ್ಲಿನಿಕ್ಕಿಗೆ ಓಡಿದೆವು. ಐವತ್ತೊಂಬತ್ತು ವರ್ಷದವನು ಓಡಿದೆ ಎಂದರೆ, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡೆ ಎಂದು ಅರ್ಥ. ಡಾಕ್ಟ್ರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮೊದಲ ಬಾರಿಗೆ ನಕ್ಕರು. ನಗರದ ಗಾಳಿ ಅಳೆಯುವ ಕಚೇರಿಯಲ್ಲಿ ಅವರ ಅಕ್ಕ ಇದ್ದಾರಂತೆ. ಮರುದಿನ ಬೆಳಿಗ್ಗೆ ಆರು ಗಂಟೆಗೇ ಡಾಕ್ಟ್ರಮ್ಮ, ಅಕ್ಕನಿಂದ ತಂದ, ಕೈಯಲ್ಲಿ ಹಿಡಿಯುವಂಥ ಒಂದು ಪೆಟ್ಟಿಗೆಯ ಜೊತೆ ನಮ್ಮ ಕೋಣೆಗೆ ಬಂದರು. ಗಾಳಿಯಲ್ಲಿ ತೇಲುವ ಅತಿ ಸಣ್ಣ ಧೂಳು ಎಷ್ಟಿದೆ ಎಂದು ಅದರ ಗಾಜಿನಲ್ಲಿ ಅಂಕಿ ಮೂಡುತ್ತದೆ. ಒಂದು ಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಕಣಗಳವು, ಕಣ್ಣಿಗೆ ಕಾಣುವುದಿಲ್ಲ, ಮೂಗು ತಡೆಯುವುದಿಲ್ಲ, ನೇರ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ, ಕೆಲವು ರಕ್ತಕ್ಕೂ ಇಳಿದು ಹೃದಯಕ್ಕೂ ಕಾಟ ಕೊಡುತ್ತವೆ ಎಂದು ವಿವರಿಸಿದರು. ದಿನವಿಡೀ ಸರಾಸರಿ ಹದಿನೈದರೊಳಗಿದ್ದರೆ ಒಳ್ಳೆಯ ಗಾಳಿಯಂತೆ. ಆರು ಗಂಟೆಗೆ ನಮ್ಮ ಕಿಟಕಿಯಲ್ಲಿ ನಲವತ್ತೆಂಟು ಇತ್ತು. ಅದು ನಗರದ ಪಾಲು, ರಸ್ತೆಯದ್ದು, ಕಾರ್ಖಾನೆಯದ್ದು, ಎಲ್ಲರದ್ದು.

ಆರೂವರೆ ಆಯಿತು. ಕೆಳಗೆ ಇಂಜಿನ್‌ಗಳು ಶುರುವಾದವು. ನಾನು ಅಂದು ಕಿವಿಗೊಡಲಿಲ್ಲ, ಕಣ್ಣು ಆ ಗಾಜಿನ ಮೇಲಿಟ್ಟಿದ್ದೆ. ಎಪ್ಪತ್ತು. ನೂರ ಮೂವತ್ತು. ಇನ್ನೂರ ಹತ್ತು. ಗುಡಾಣ ನನ್ನ ಹೆಗಲ ಮೇಲಿಂದ ಬಗ್ಗಿ ಅಂಕಿಗಳನ್ನು ಜೋರಾಗಿ ಓದುತ್ತಿದ್ದ, ಪಂದ್ಯದ ಓಟ ಎಣಿಸುವವನ ಹಾಗೆ. ಮುನ್ನೂರ ಐವತ್ತು ದಾಟಿದಾಗ ಅವನ ದನಿ ಇಳಿಯಿತು. ಏಳು ಗಂಟೆಗೆ ಬಸ್ಸುಗಳು ಹೊರಟ ಮೇಲೆ ಅಂಕಿಯೂ ಇಳಿಯಿತು, ಮೆಟ್ಟಿಲು ಹತ್ತಿ ಕಡೇ ಬಸ್ಸು ಬಂದ. ಎಲ್ಲರೂ ಎದ್ದು ಅವನಿಗೆ ಚಪ್ಪಾಳೆ ತಟ್ಟಿದರು. ಪಾಪ, ಅವನು ತಾನೇನೋ ದೊಡ್ಡ ತಪ್ಪು ಮಾಡಿದ್ದೇನೆಂದು ನನ್ನ ಮುಖ ನೋಡಿದ.

ತಣ್ಣಗಿನ ಇಂಜಿನ್ ಬಿಸಿ ಇಂಜಿನ್ನಿಗಿಂತ ಹೆಚ್ಚು ಹೊಗೆ ಕಾರುತ್ತದೆ, ಅದು ನನಗೂ ಗೊತ್ತಿತ್ತು. ಚಳಿಗಾಲದ ಬೆಳಿಗ್ಗೆ ಗಾಳಿ ಮೇಲಕ್ಕೇರುವುದಿಲ್ಲ, ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಹೊಗೆ ಅಲ್ಲೇ ನಿಲ್ಲುತ್ತದೆ, ಅದನ್ನು ಡಾಕ್ಟ್ರಮ್ಮ ಹೇಳಿಕೊಟ್ಟರು. ಅಂಥ ಹೊತ್ತಿನಲ್ಲಿ ಬಾಯಿ ಅಗಲಿಸಿ ಆಳವಾಗಿ ಉಸಿರೆಳೆದುಕೊಂಡರೆ ಮೂಗಿನ ಸೋಸುವಿಕೆಯೂ ತಪ್ಪಿ ಹೊಗೆ ಮತ್ತಷ್ಟು ಒಳಕ್ಕೆ ಹೋಗುತ್ತದೆ. ಅದನ್ನು ದಿನಾ ಇಪ್ಪತ್ತು ನಿಮಿಷ, ಎಣಿಸಿ ಎಣಿಸಿ, ತಪ್ಪಿದವರಿಗೆ ಬೈದು, ಮಾಡಿಸಿದವನು ಯಾರು? ನಾನು. ನನ್ನ ಕಣ್ಣು ತುಂಬಿ ಬಂತು. ಆದರೆ ಅದೇ ಕ್ಷಣದಲ್ಲಿ ಕುಣಿಯುವಷ್ಟು ಸಂತೋಷವೂ ಆಯಿತು. ಟ್ರಂಪೆಟ್ಟು ನಿರಪರಾಧಿ!

ತಂಗಿ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಹೊಗೆಯ ವಿಷಯ ಇರಲಿ, ಟ್ರಂಪೆಟ್ಟು ಊದಿಯೂ ಉಸಿರು ಬೀಳದ್ದನ್ನು ತೋರಿಸು ಎಂದಳು. ಸರಿಯಾದ ಮಾತೇ. ಮೂರನೇ ವಾರ ಬೇಡಿ ಕಾಡಿ ಎಲ್ಲರ ಡ್ಯೂಟಿ ಅದಲು ಬದಲು ಮಾಡಿಸಿ ಅಭ್ಯಾಸವನ್ನು ಸಂಜೆ ನಾಲ್ಕಕ್ಕೆ ಇಟ್ಟೆ. ಆ ಹೊತ್ತಿಗೆ ಬಸ್ಸುಗಳೆಲ್ಲ ರಸ್ತೆಯ ಮೇಲಿರುತ್ತವೆ, ಅಂಗಳದಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇರುವುದಿಲ್ಲ. ಅದೇ ವಾದ್ಯ, ಅದೇ ಟ್ಯೂನು, ಅದೇ ಒಂದೂವರೆ ಗಂಟೆ. ಪೀಪಿ ಮುಂಚೆ ಮುನ್ನೂರ ಎಪ್ಪತ್ತು, ಆಮೇಲೆ ಮುನ್ನೂರ ಎಪ್ಪತ್ತು. ಗುರುವಾರ ಮುನ್ನೂರ ಎಂಬತ್ತು, ಮುನ್ನೂರ ಎಂಬತ್ತೈದು. ಗುಮಾಸ್ತೆ ಗುಡಾಣನನ್ನು ಸೋಲಿಸಲಿಲ್ಲವಾದರೂ ತನ್ನ ಹಳೆಯ ಅಂಕಿಯನ್ನು ಸೋಲಿಸಿ ಕುರ್ಚಿಯ ಮೇಲೆ ಹತ್ತಿ ನಿಂತಳು. ಆ ವಾರ ನಾವು ಟ್ಯೂನು ನುಡಿಸಿದ್ದಕ್ಕಿಂತ ಕೂಗಾಡಿದ್ದೇ ಜಾಸ್ತಿ.

ಆದರೆ ಸಂಜೆಯ ಏರ್ಪಾಡು ಒಂದು ವಾರಕ್ಕೆ ಮಾತ್ರ, ಎಂದಿನ ದಿನಗಳಲ್ಲಿ ಸಂಜೆ ಅರ್ಧ ಬ್ಯಾಂಡು ಡ್ಯೂಟಿಯಲ್ಲಿರುತ್ತದೆ. ಬೆಳಿಗ್ಗೆ ಕಿಟಕಿ ಮುಚ್ಚಿಕೊಂಡು ನುಡಿಸೋಣ ಎಂದು ಗುಡಾಣ ಹೇಳಿದ. ಮುಚ್ಚಿ ನೋಡಿದರೂ ಪೆಟ್ಟಿಗೆಯ ಅಂಕಿ ಇನ್ನೂರರ ಕೆಳಗೆ ಬರಲಿಲ್ಲ, ನೆಲದ ಸಂದಿಯಿಂದಲೇ ಹೊಗೆ ಏರುತ್ತಿತ್ತು. ಅಲ್ಲದೆ ಕೆಳಗೆ ಕಸ ಗುಡಿಸುವವರಿದ್ದರು, ಡ್ರೈವರುಗಳಿದ್ದರು, ಗೋಡೆಯಾಚೆ ನಾಲ್ಕು ಅಂತಸ್ತಿನ ಮನೆಗಳಿದ್ದವು. ಅವರು ಕಿಟಕಿ ಮುಚ್ಚಿಕೊಂಡು ಎಲ್ಲಿಗೆ ಹೋಗಬೇಕು? ಪೀಪಿ ನನ್ನನ್ನೇ ನೋಡುತ್ತಿದ್ದಳು. ಅವಳು ಎಲೆಕ್ಟ್ರಿಷಿಯನ್, ಬಸ್ಸಿನ ಒಳಹೊರಗು ಬಲ್ಲವಳು.

“ಮಾವ, ಹೊಸ ಬಸ್ಸಿಗೆ ಗಾಳಿ ತುಂಬೋಕೆ ಇಪ್ಪತ್ತು ನಿಮಿಷ ಬೇಕಾ?”

ಬೇಕಿರಲಿಲ್ಲ. ಆ ಅಪ್ಪಣೆ ಬರೆಸಿದ್ದು ಹಳೆಯ ಬಸ್ಸುಗಳ ಕಾಲದಲ್ಲಿ, ಆ ಬಸ್ಸುಗಳೆಲ್ಲ ಗುಜರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಬಸ್ಸು ಹೋಯಿತು, ಅಪ್ಪಣೆ ಉಳಿಯಿತು. ಯಾಕೆ ಉಳಿಯಿತು ಎಂದು ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಎಂಬತ್ತು ಇಂಜಿನ್ ಒಟ್ಟಿಗೆ ಓಡುವ ಸದ್ದು ನನಗೆ ಇಷ್ಟ. ಆ ಸದ್ದಿನ ಮೇಲೆ ನಾನು ರಾಜನ ಹಾಗೆ ನಿಲ್ಲುತ್ತಿದ್ದೆ.

ಶನಿವಾರ ಮ್ಯಾನೇಜರ್ ಹತ್ತಿರ ಹೋದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಡೀಸೆಲ್ ಸುಮ್ಮನೆ ಉರಿದುಹೋಗುತ್ತಿದೆ ಎಂದು ತಾವು ಬಂದ ದಿನದಿಂದ ಹೇಳಬೇಕೆಂದಿದ್ದರಂತೆ, ನನ್ನ ಮೂಗಿನ ತುದಿಗೆ ಹೆದರಿ ಸುಮ್ಮನಿದ್ದರಂತೆ. ಡ್ರೈವರುಗಳು ಮಾತ್ರ ತಕರಾರು ತೆಗೆದರು. ಬ್ರೇಕು ಹಿಡಿಯದಿದ್ದರೆ ಯಾರು ಹೊಣೆ ಎಂದರು, ಅದು ನ್ಯಾಯವಾದ ಪ್ರಶ್ನೆ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಒಂದು ಬಸ್ಸಿನ ಸುತ್ತ ನಿಲ್ಲಿಸಿದೆ. ಪೀಪಿ ಗಡಿಯಾರ ಹಿಡಿದಳು, ನಾನು ಡ್ರೈವರ್ ಸೀಟಿನಲ್ಲಿ ಕುಳಿತು ಇಂಜಿನ್ ಶುರು ಮಾಡಿದೆ. ಒತ್ತಡದ ಮುಳ್ಳು ಏರತೊಡಗಿತು. ಒಂದು ನಿಮಿಷ, ಎರಡು, ಮೂರು. ಐವತ್ತು ಡ್ರೈವರುಗಳು ಬಾಗಿಲಲ್ಲಿ ಕಿಟಕಿಯಲ್ಲಿ ತೂರಿಕೊಂಡು ಕತ್ತು ಉದ್ದ ಮಾಡಿದರು. ಮುಳ್ಳು ಹಸಿರು ಗೆರೆ ಮುಟ್ಟಿದಾಗ ನಾಲ್ಕು ನಿಮಿಷಕ್ಕೆ ಹತ್ತು ಸೆಕೆಂಡು ಬಾಕಿ ಇತ್ತು. ಬ್ರೇಕು ಒತ್ತಿ ತೋರಿಸಿದೆ, ಗಪ್ಪೆಂದು ಹಿಡಿಯಿತು. ಇನ್ನೆರಡು ಬಸ್ಸಿನಲ್ಲೂ ತೋರಿಸಿದೆ. ಹಿರಿಯ ಡ್ರೈವರೊಬ್ಬರು ತಲೆ ಕೆರೆದುಕೊಂಡು, ಹಾಗಾದ್ರೆ ಇಷ್ಟು ವರ್ಷ ನಾವು ಹದಿನಾರು ನಿಮಿಷ ಬರೀ ಹೊಗೆ ಕುಡಿದ್ವಾ ಎಂದರು. ನಾನು ಹೌದು ಎಂದೆ. ಯಾವ ಬಸ್ಸು ಯಾವಾಗ ಹೊರಡುತ್ತದೋ ಅದಕ್ಕೆ ಐದು ನಿಮಿಷ ಮುಂಚೆ ಅದನ್ನಷ್ಟೇ ಶುರು ಮಾಡುವುದು ಎಂದು ತೀರ್ಮಾನವಾಯಿತು.

ಹಲಗೆಯ ಬರಹ ಅಳಿಸಲು ಹೋದರೆ ಅದು ಅಳಿಯಲೊಲ್ಲದು. ಯಾರೂ ಮುಟ್ಟಬಾರದೆಂದು ನಾನೇ ಎಣ್ಣೆ ಬಣ್ಣದಲ್ಲಿ ಬರೆಸಿದ್ದೆ ನೋಡಿ. ತುಕ್ಕು ಕೆರೆಯುವ ಉಳಿ ತಂದು ಒಂದೊಂದೇ ಅಕ್ಷರ ಕೆರೆದೆ. ಕಡೇ ಬಸ್ಸು ಏಣಿ ಹಿಡಿದು ನಿಂತಿದ್ದ. ಕೆರೆಯುತ್ತಲೇ ಅವನಿಗೆ ಕ್ಷಮಿಸಪ್ಪ ಎಂದೆ. ಅವನು ಏನೂ ಕೇಳಿಸದವನ ಹಾಗೆ ಏಣಿ ಅಲ್ಲಾಡುತ್ತೆ ಜೋಪಾನ ಮಾಸ್ತರೇ ಎಂದ.

ನಾಲ್ಕನೇ ವಾರ ಹೊಸ ಏರ್ಪಾಡಿನಲ್ಲೇ ನಡೆಯಿತು. ಪೀಪಿಯ ಅಂಕಿ ಏರುತ್ತಿತ್ತು, ಆದರೆ ತೂಕಡಿಸುತ್ತ ಏರುತ್ತಿತ್ತು. ಮುನ್ನೂರ ತೊಂಬತ್ತಕ್ಕೆ ಬಂದು ಎರಡು ದಿನ ಅಲ್ಲೇ ಕುಳಿತಿತು. ಔಷಧಿ ತಪ್ಪಿಸಬೇಡ, ಎದೆಗೆ ಆದ ಗಾಯ ಮಾಯಲು ಸಮಯ ಬೇಕು ಎಂದು ಡಾಕ್ಟ್ರಮ್ಮ ಹೇಳಿದರು. ಸಮಯವೇ ನಮ್ಮ ಬಳಿ ಇರಲಿಲ್ಲ.

ಕೊನೆಯ ದಿನ ಶುಕ್ರವಾರ. ಆರೂಕಾಲಿಗೆ ತಂಗಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಟ್ರಂಪೆಟ್ಟು ಹಿಡಿಸುವಷ್ಟು ದೊಡ್ಡ ಬಟ್ಟೆಯ ಚೀಲ, ಸೆರಗಿನ ತುದಿಯಲ್ಲಿ ಬೀರುವಿನ ಬೀಗದ ಕೈ. ಬಂದು ಗೋಡೆಯ ಪಕ್ಕ ಕುಳಿತಳು, ನಾನು ಮಾತಾಡಿಸಿದರೆ ಹೂಂ ಎಂದಳು ಅಷ್ಟೆ. ಆರೂವರೆಗೆ ಎಂಟೂ ಕಿಟಕಿ ತೆರೆಸಿದೆ. ಪೆಟ್ಟಿಗೆ ಐವತ್ತೆರಡು ತೋರಿಸುತ್ತಿತ್ತು. ಉಸಿರು ಒಳಗೆ, ಹೊರಗೆ, ಬಾಯಲ್ಲಿ ಅಲ್ಲ, ಈಗ ಮೂಗಿನಲ್ಲಿ. ಕೆಳಗೆ ಎಂಬತ್ತು ಬಸ್ಸುಗಳು ಬಾಯಿ ಮುಚ್ಚಿಕೊಂಡು ಸಾಲಾಗಿ ನಿಂತಿದ್ದವು. ಆ ನಿಶ್ಶಬ್ದದಲ್ಲಿ ನನಗೆ ಮೊದಲ ಬಾರಿಗೆ ನಮ್ಮ ಹದಿಮೂರು ಜನರ ಉಸಿರಿನ ಸದ್ದು ಕೇಳಿಸಿತು.

ಟ್ಯೂನು ಶುರು ಮಾಡಿದೆವು. ಏಳಕ್ಕೆ ಕಡೇ ಬಸ್ಸು ಬಂದು ಕಾಲ ಬೆರಳ ಮೇಲೆ ನಡೆದು ಡ್ರಮ್ಮಿನ ಹಿಂದೆ ನಿಂತ. ಕೊನೆಗೆ ಎಲ್ಲರೂ ನಿಲ್ಲಿಸಿದರು, ಟ್ರಂಪೆಟ್ಟು ಒಂದೇ ಉಳಿಯಿತು. ನಾನು ಕೋಲು ಆಡಿಸುವುದನ್ನು ಮರೆತು ಬೆರಳಿನಲ್ಲಿ ಎಣಿಸುತ್ತಿದ್ದೆ. ತಂಗಿಯೂ ಮಡಿಲಲ್ಲಿ ಬೆರಳು ಮಡಿಸುತ್ತಿದ್ದಳು. ಒಂಬತ್ತು. ಪೀಪಿಯ ಕಣ್ಣು ಮುಚ್ಚಿತ್ತು. ಹನ್ನೆರಡು. ಸ್ವರ ಸ್ವಲ್ಪ ನಡುಗಿತು, ಮತ್ತೆ ನೆಟ್ಟಗಾಯಿತು. ಅಂಗಳದಲ್ಲಿ ಕಸ ಗುಡಿಸುವವರು ತಲೆ ಎತ್ತಿ ನಿಂತಿದ್ದರು. ಹದಿನಾಲ್ಕು, ಹದಿನೈದು, ಹದಿನಾರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಹಠಮಾರಿ, ಹದಿನೆಂಟರವರೆಗೆ ಎಳೆದು ಬಿಟ್ಟಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೊಳವೆ ಇನ್ನೂ ಬಾಕಿ ಇತ್ತು. ಪೀಪಿ ಊದಿದಳು. ಮುನ್ನೂರ ತೊಂಬತ್ತು. ಇನ್ನೊಮ್ಮೆ ಊದಿದಳು, ಮುನ್ನೂರ ತೊಂಬತ್ತೈದು. ಮೂರು ಸಲ ಊದಿ ದೊಡ್ಡದನ್ನು ಬರೆಯುವುದು ಕ್ರಮ. ಮೂರನೆಯ ಸಲ ಅವಳು ಕೊಳವೆಯನ್ನು ಅಮ್ಮನ ಮುಂದೆ ಹಿಡಿದು, ಅವಳನ್ನೇ ನೋಡುತ್ತ ಊದಿದಳು. ತಂಗಿ ಬಗ್ಗಿ ನೋಡಿದಳು, ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದಳು. ನಾನೂರ ಹತ್ತು. ಗುಡಾಣ ಹಾಕಿದ ಕೇಕೆಗೆ ಕಿಟಕಿಯ ಗಾಜು ಅದುರಿತು. ತಂಗಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. 

ಆಮೇಲೆ ಅವಳು ಪುಸ್ತಕ ತೆಗೆದು ಹಾಳೆ ಹಾಳೆ ತಿರುವಿದಳು. ತಿರುವಿ ನನ್ನ ಕಡೆ ನೋಡಿದಳು.

“ಅಣ್ಣ, ಹದಿನಾಲ್ಕು ಜನರದ್ದೂ ಇದೆ ಇದ್ರಲ್ಲಿ. ಹತ್ತೊಂಬತ್ತು ವರ್ಷ ಆ ನಡುವಿನ ಕಿಟಕೀಲಿ ನಿಂತವನದ್ದು ಎಲ್ಲಿ?”

 ಮಾಸ್ತರನ ಕೆಲಸ ಕೋಲು ಹಿಡಿಯುವುದು ಎಂದು ಶುರು ಮಾಡಿದೆ, ಯಾರೂ ನಗಲಿಲ್ಲ. ನನ್ನ ಹಲ್ಲು ಗೊತ್ತಲ್ಲ, ಅಲ್ಲಾಡುತ್ತವೆ ಎಂದೆ. ಪೀಪಿ ಹೊಸ ಬಾಯಿತುದಿ ಹಾಕಿ ಕೊಳವೆಯನ್ನು ನನ್ನ ಮುಂದೆ ಹಿಡಿದಳು.

“ಮಾವ, ಇದಕ್ಕೆ ಹಲ್ಲು ಬೇಡ.”

ಊದಿದೆ. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಮೂರು ಸಲ ಊದಿದೆ. ದೊಡ್ಡದು ಇನ್ನೂರ ನಲವತ್ತು. ನನ್ನಂಥ ಆಳಿಗೆ ಐನೂರಕ್ಕೂ ಮೇಲೆ ಬರಬೇಕು. ಆ ಅಂಕಿ ನೋಡಿ ನನಗೆ ಆಶ್ಚರ್ಯವಾಗಲಿಲ್ಲ, ಅದೇ ದೊಡ್ಡ ನಾಚಿಕೆ. ಎಂಟು ವರ್ಷದ ಹಿಂದೆಯೇ ಗೊತ್ತಿತ್ತು ನನಗೆ. ಎಂಟು ಎಣಿಕೆಯ ಸ್ವರಕ್ಕೂ ಉಸಿರು ಸಾಲದೆ ಹೋದ ದಿನ ವಾದ್ಯ ಬಿಟ್ಟವನು ನಾನು.

“ಹಲ್ಲು ಗಟ್ಟಿಯಾಗೇ ಇದ್ವು ಕಣೇ,” ಎಂದೆ.

ಪೀಪಿ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು, ಮೇಲೆ ಮಾವ ಎಂದು ಬರೆದು, ಕೆಳಗೆ ಇನ್ನೂರ ನಲವತ್ತು ಎಂದು ಬರೆದು ಗೆರೆ ಎಳೆದಳು. ತಂಗಿ ನನ್ನ ತೋಳು ಹಿಡಿದು ಆ ಬೆಳಿಗ್ಗೆಯೇ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

ಅದಾಗಿ ಎರಡು ತಿಂಗಳು. ಕಳೆದುಹೋದ ಉಸಿರೆಲ್ಲ ವಾಪಸು ಬರುವುದಿಲ್ಲ, ಸ್ವಲ್ಪ ಬರುತ್ತದೆ ಎಂದು ಡಾಕ್ಟ್ರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸೇದಿಕೊಳ್ಳುವ ಔಷಧಿ ನನಗೂ ಬಂದಿದೆ. ನಿನ್ನೆ ಇನ್ನೂರ ಎಪ್ಪತ್ತೈದು ಮುಟ್ಟಿದೆ. ಅಭ್ಯಾಸ ಮುಗಿದ ಮೇಲೆ ಪೀಪಿ ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟಳು. ಎಂಟು ವರ್ಷದ ಮೇಲೆ ಅದರ ತಣ್ಣನೆಯ ಬಾಯಿ ನನ್ನ ತುಟಿಗೆ ತಾಗಿತು. ಒಂದು ಸ್ವರ ಹಿಡಿದೆ. ನಾಲ್ಕು ಎಣಿಕೆಗೆ ನಿಂತುಹೋಯಿತು. ನಾಲ್ಕೇ ನಾಲ್ಕು, ಅದೂ ಒಡಕು ದನಿ. ಕಡೇ ಬಸ್ಸು ಡ್ರಮ್ಮಿನ ಮೇಲೆ ಢಮ್ ಎಂದು ಒಂದು ಪೆಟ್ಟು ಹಾಕಿದ. ಪೀಪಿ ಪುಸ್ತಕ ತೆಗೆದು ನನ್ನ ಹಾಳೆಯಲ್ಲಿ ಅದನ್ನೂ ಬರೆದಳು, ಪಕ್ಕದಲ್ಲಿ ನಾಳೆ ಐದು ಎಂದು ಬರೆದಳು.